ದಾರಿ ತಪ್ಪಿದ ಒಂಬತ್ತು ಸೂರ್ಯರು

ಸೂರ್ಯನ ಫೋಟೊ ತೆಗೆಯುವವನಿಗೆ ಮೋಡ ಅಷ್ಟು ದೊಡ್ಡ ಶತ್ರುವಲ್ಲ. ಮೋಡ ಬರುತ್ತದೆ, ಹೋಗುತ್ತದೆ. ಮನೆಯವರು ಹೋಗುವುದಿಲ್ಲ. ಈ ಮಾತನ್ನು ಹೋದ ವರ್ಷ ನವೆಂಬರ್ ಕೊನೆಯ ಭಾನುವಾರ ನಾನು ಗಂಟಲು ಹರಿಯುವಂತೆ ಕೂಗಿ ಹೇಳಿದ್ದೆ, ಅದೂ ನಮ್ಮವ್ವನ ಮುಖಕ್ಕೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾನು ಗುರುಮೂರ್ತಿ. ಹೂವಿನಹಡಗಲಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರುವುದು ನೌಕರಿ, ಉಳಿದ ಹೊತ್ತಿನಲ್ಲಿ ಆಕಾಶ ನೋಡುವುದು ಚಟ. ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಜನ ಹೇಳುತ್ತಾರೆ. ಸುಳ್ಳಲ್ಲ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ: ಹಿಡಿದ ಕೆಲಸವನ್ನು ಮುಗಿಸಿದವನಲ್ಲ. ತಬಲಾ ಕಲಿಯಲು ಹೋಗಿ ಮೂರೇ ತಿಂಗಳಿಗೆ ಬಿಟ್ಟೆ. ಅಂಚೆ ಮೂಲಕ ಕಟ್ಟಿದ ಡಿಗ್ರಿ ಎರಡನೇ ವರ್ಷಕ್ಕೇ ನಿಂತಿದೆ. ಮಾಳಿಗೆ ಮೇಲೆ ಇನ್ನೊಂದು ಅಂತಸ್ತು ಏರಿಸುತ್ತೇನೆಂದು ಬಿಟ್ಟ ಪಿಲ್ಲರಿನ ಕಬ್ಬಿಣದ ಸರಳುಗಳು ಹತ್ತು ವರ್ಷದಿಂದ ತುಕ್ಕು ಹಿಡಿದು ನಿಂತಿವೆ.

ನನ್ನ ಹೆಂಡತಿ ಕೋಮಲಾ ಬಂದವರಿಗೆಲ್ಲ ಆ ಸರಳು ತೋರಿಸುತ್ತಾಳೆ. "ನೋಡ್ರಿ, ಇವು ನಮ್ಮನಿಯವರ ಸರ್ಟಿಫಿಕೇಟು," ಎನ್ನುತ್ತಾಳೆ.

ಅದಕ್ಕೇ ಹಟ ಹುಟ್ಟಿತು. ಒಂದಾದರೂ ಕೆಲಸವನ್ನು ಈ ಕಡೆಯಿಂದ ಆ ಕಡೆಯವರೆಗೆ ಮುಗಿಸಿ ಅವಳ ಕೈಗೆ ಕೊಡಬೇಕು ಎಂದು ಆರಿಸಿಕೊಂಡದ್ದು ಸೂರ್ಯನ ಎಂಟನ್ನು. ಹೇಳಲು ಸುಲಭ. ಒಂದೇ ಜಾಗದಲ್ಲಿ ಕ್ಯಾಮೆರಾ ನೆಟ್ಟು, ವಾರಕ್ಕೊಮ್ಮೆ, ಗಡಿಯಾರದ ಅದೇ ನಿಮಿಷಕ್ಕೆ ಸೂರ್ಯನ ಫೋಟೊ ತೆಗೆಯಬೇಕು. ವರ್ಷ ತುಂಬಿದ ಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿದರೆ, ಸೂರ್ಯ ಒಂದೇ ಕಡೆ ಇರುವುದಿಲ್ಲ. ವಾರವಾರವೂ ಚೂರು ಸರಿಯುತ್ತಾ ಆಕಾಶದಲ್ಲಿ ಇಂಗ್ಲಿಷಿನ ಎಂಟನ್ನು ಬರೆದಿರುತ್ತಾನೆ, ಮೇಲೆ ಸಣ್ಣ ಸುತ್ತು, ಕೆಳಗೆ ದೊಡ್ಡ ಸುತ್ತು. ಬೇಕಾದದ್ದು ಎರಡೇ. ಕ್ಯಾಮೆರಾ ಒಂದಿಷ್ಟೂ ಅಲುಗಬಾರದು. ಮನುಷ್ಯ ವರ್ಷವಿಡೀ ಬಿಡದೆ ಮಾಡಬೇಕು.

ತುಕ್ಕು ಹಿಡಿದ ಸರಳು ಕೊನೆಗೂ ಉಪಯೋಗಕ್ಕೆ ಬಂತು. ಹಳೆಯ ಕ್ಯಾಮೆರಾವನ್ನು ತಗಡಿನ ಡಬ್ಬಿಯೊಳಗೆ ಕೂರಿಸಿ, ಮುಂದೆ ಸೂರ್ಯನ ಬೆಳಕು ತಡೆಯುವ ಕಪ್ಪು ಹಾಳೆ ಬಿಗಿದು, ಡಬ್ಬಿಯನ್ನು ಕ್ಲಾಂಪು ಹಾಕಿ ಸರಳಿಗೆ ಕಟ್ಟಿದೆ. ಡಬ್ಬಿ ದಕ್ಷಿಣಕ್ಕೆ ವಾಲಿ ಆಕಾಶ ನೋಡುತ್ತಿತ್ತು. ಡಿಸೆಂಬರಿನ ಮೊದಲ ಭಾನುವಾರ ಶುರು. ಹೊತ್ತು ಮಧ್ಯಾಹ್ನ ಹನ್ನೆರಡೂವರೆ, ಫೋನಿನ ಗಡಿಯಾರದಂತೆ, ಒಂದು ಸೆಕೆಂಡು ಆಚೀಚೆ ಇಲ್ಲ. ನಾನು ಬಟನ್ ಒತ್ತಿ, ಫೋಟೊ ಸರಿಯಾಗಿ ಬಂದಿದೆಯೇ ಎಂದು ನೋಡಿ, ಮೆಟ್ಟಿಲಿಳಿಯುವ ಹೊತ್ತಿಗೆ ದಾವಣಗೆರೆ ಬಸ್ಸು ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತಿತ್ತು.

ಆ ಬಸ್ಸು ನಮ್ಮವ್ವನದು. ಅಂದರೆ ಅವ್ವ ಕಟ್ಟಿದ ಹೂವು ಅದರಲ್ಲಿ ಹೋಗುತ್ತದೆ. ಅವ್ವನ ಹೆಸರು ಜೋಗಮ್ಮ. ಬೆಳಿಗ್ಗೆ ತೋಟದಿಂದ ಮೊಗ್ಗು ಬರುತ್ತದೆ, ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಕೂತು ಅವ್ವ ಮಧ್ಯಾಹ್ನದೊಳಗೆ ಕಟ್ಟಿ ಮುಗಿಸುತ್ತಾಳೆ. ಬಸ್ಸು ಬಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬುಟ್ಟಿ ಬಾಗಿಲಲ್ಲಿರುತ್ತದೆ. ಕಂಡಕ್ಟರ್ ಯರ್ರಿಸ್ವಾಮಿ ಇಳಿಯುವುದೂ ಇಲ್ಲ, ಕೈ ಚಾಚಿ ಎತ್ತಿಕೊಳ್ಳುತ್ತಾನೆ. ಅವ್ವನಿಗೆ ಗಡಿಯಾರ ಓದಲು ಬರುವುದಿಲ್ಲ. ಆದರೂ ಅವಳ ಬುಟ್ಟಿಗಾಗಿ ಬಸ್ಸು ಕಾದದ್ದನ್ನು ನಾನು ಕಂಡಿರಲಿಲ್ಲ. ರೂಢಿ ಎಂದುಕೊಂಡಿದ್ದೆ.

ಆ ಶೆಡ್ಡೆಂದರೆ ನನಗೆ ಸದಾ ಕಿರಿಕಿರಿ. ಎರಡು ಕಾರಣ. ಅವ್ವ ಎಲೆಯಡಿಕೆ ಹಾಕುತ್ತಾಳೆ. ಸುಣ್ಣದ ಬೆರಳನ್ನು ನೆಲಕ್ಕೆ ಒರೆಸುತ್ತಾಳೆ, ನೆಲದ ಕಪ್ಪು ಬಂಡೆಯ ತುಂಬ ಬಿಳಿ ಚುಕ್ಕಿ. "ಅವ್ವ, ಗೋಡಿಗರ ಒರೆಸು, ನೆಲ ಯಾಕ ಹೊಲಸು ಮಾಡ್ತಿ?" ಎಂದು ನಾನು ಎಷ್ಟು ಸಲ ಅಂದಿದ್ದೇನೋ. ಎರಡನೆಯದು, ತಗಡಿನಲ್ಲೊಂದು ಮೊಳೆಯ ತೂತು. ಮಳೆ ಬಂದರೆ ಅಲ್ಲಿಂದ ಹನಿ ಬೀಳುತ್ತದೆ. ಮುಚ್ಚುತ್ತೇನೆಂದು ಏಣಿ ತಂದಾಗಲೆಲ್ಲ ಅವ್ವ, "ಇರ್ಲಿ ಬಿಡೋ ಗುರ್ಯಾ, ಬುಡಕ ಒಂದು ತಂಬಿಗಿ ಇಟ್ರಾತು," ಎಂದು ತಡೆಯುತ್ತಿದ್ದಳು. ನನಗೂ ಬಿಡಲು ನೆಪ ಸಾಕಿತ್ತು, ಬಿಡುತ್ತಿದ್ದೆ.

ಮಳೆಗಾಲದ ಐದಾರು ವಾರ ತಪ್ಪಿತೆಂಬುದನ್ನು ಬಿಟ್ಟರೆ ಎಂಟು ಚೆನ್ನಾಗಿಯೇ ಸಾಗಿತು. ಆಯುಧಪೂಜೆ ಬಂತು. ಅವತ್ತು ನಮ್ಮ ಲ್ಯಾಬಿನಲ್ಲೂ ಯಂತ್ರಗಳಿಗೆ ಪೂಜೆ. ಮುಗಿಸಿಕೊಂಡು ಸಂಜೆ ಮನೆಗೆ ಬಂದರೆ ಬೈಕು, ಮಿಕ್ಸಿ, ಕೋಮಲಾಳ ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ, ಹೂವು. ಮಾಳಿಗೆ ಹತ್ತಿದೆ. ನನ್ನ ಡಬ್ಬಿಗೂ ಮೂರು ಎಳೆ ವಿಭೂತಿ, ಎರಡು ಮೊಳ ಸೇವಂತಿಗೆ. ಕಪ್ಪು ಹಾಳೆಯ ನಟ್ಟನಡುವೆ ಕುಂಕುಮದ ಬೊಟ್ಟು. ಉಸಿರು ಬಿಗಿಹಿಡಿದು ಮೆತ್ತನೆಯ ಕುಂಚದಿಂದ ಬೊಟ್ಟನ್ನು ಕೊಡವಿದೆ. ಹಾಳೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ನಗುತ್ತಲೇ ಕೆಳಗಿಳಿದೆ. ನಗಬಾರದಿತ್ತು, ಇನ್ನೊಂದು ಸಲ ನೋಡಬೇಕಿತ್ತು.

ಅಲ್ಲಿಂದ ಇನ್ನೊಂಬತ್ತು ಭಾನುವಾರ ಫೋಟೊ ತೆಗೆದೆ. ನವೆಂಬರಿನ ಕೊನೆಯ ಭಾನುವಾರ ವರ್ಷ ತುಂಬಿತು. ಕೋಮಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದೇ ಸೂರ್ಯನನ್ನು ಕೂರಿಸುತ್ತಾ ಹೋದೆ. ಡಿಸೆಂಬರ್, ಜನವರಿ, ಯುಗಾದಿ, ಕಾರಹುಣ್ಣಿಮೆ. ಎಂಟು ಏಳುತ್ತಿತ್ತು. ಸೆಪ್ಟೆಂಬರಿನವರೆಗೂ ಸುತ್ತು ಎಷ್ಟು ಚಂದ ಬಂತೆಂದರೆ ಕೋಮಲಾ ಬಾಯಿಗೆ ಕೈ ಇಟ್ಟುಕೊಂಡಳು. ಅಕ್ಟೋಬರಿನ ಮೊದಲ ಸೂರ್ಯ ಬಂದ. ಸಾಲಿನಲ್ಲಿ ಇಲ್ಲ. ಪಕ್ಕದಲ್ಲೆಲ್ಲೋ ಇದ್ದ. ಮುಂದಿನವನೂ ಅಷ್ಟೇ. ಒಂಬತ್ತೂ ಸೂರ್ಯರು ಎಂಟನ್ನು ಬಿಟ್ಟು ಹೊರಗೆ ತಮ್ಮದೇ ಸಾಲು ಕಟ್ಟಿಕೊಂಡು ನಿಂತಿದ್ದರು. ಎಂಟು ಬಾಯಿ ತೆರೆದುಕೊಂಡೇ ಉಳಿಯಿತು.

ಕೋಮಲಾ ಮೆಲ್ಲಗೆ ಎದ್ದು ಒಳಗೆ ಹೋದಳು.

ನಾನು ಶೆಡ್ಡಿಗೆ ಹೋಗಿ ಅವ್ವನನ್ನು ಕೇಳಿದೆ. "ಅವ್ವ, ಆಯುಧಪೂಜಿ ದಿನ ಆ ಡಬ್ಬಿ ಅಲುಗಾಡ್ಸಿದ್ದೇನು?"

"ಅಲುಗಾಡ್ಸಿಲ್ಲಪ್ಪಾ," ಅಂದಳು ಅವ್ವ, ಸಮಾಧಾನದಿಂದ. "ಅದು ದಕ್ಷಿಣಕ್ಕ ಮುಖ ಮಾಡಿತ್ತಲ್ಲ. ದಕ್ಷಿಣಕ್ಕ ಮುಖ ಮಾಡಿದ್ದಕ್ಕ ಯಾರರ ಪೂಜಿ ಮಾಡ್ತಾರೇನು? ಮೂಡಲಕ್ಕ ತಿರುಗಿಸ್ದೆ. ಪೂಜಿ ಮಾಡಿ, ಕಾಯಿ ಒಡ್ದು, ಮತ್ತ ಹೆಂಗಿತ್ತೋ ಹಂಗ ತಿರುಗಿಸಿ ಇಟ್ಟೀನಿ."

ಹೆಂಗಿತ್ತೋ ಹಂಗ! ನನ್ನ ತಲೆ ಕೆಟ್ಟಿತು. ಆಗಲೇ ಮೋಡ, ಮನೆಯವರು ಎಂದೆಲ್ಲ ಕೂಗಿದ್ದು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ಮ್ಯಾಲೆ ನನ್ನ ಸಾಮಾನು ಮುಟ್ಟಬ್ಯಾಡ. ನನ್ನ ಏನೂ ಕೇಳಬ್ಯಾಡ. ನಿನ್ನ ಪಾಡಿಗೆ ನೀನಿರು," ಅಂದೆ. ಅವ್ವ ಕೈಯಲ್ಲಿದ್ದ ಎಲೆಯನ್ನು ಹಾಗೇ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು. ಅವಳ ಮುಖ ಸಣ್ಣದಾದದ್ದು ಕಾಣಿಸಿತು. ಕಂಡೂ ನಾನು ಸುಮ್ಮನಾಗಲಿಲ್ಲ, ಬಾಗಿಲು ದಢಾರನೆ ಹಾಕಿಕೊಂಡೆ.

ಮರುದಿನದಿಂದ ಅವ್ವ ನನ್ನೊಡನೆ ಮಾತಾಡಲಿಲ್ಲ. ತಾಟು ತಂದಿಡುವಳು, ಹೋಗುವಳು. ಕೋಮಲಾ ಕೊಟ್ಟೂರಿನ ತವರಿಗೆ ಹೋಗಿ ಎರಡು ದಿನ ಇದ್ದು ಬರುತ್ತೇನೆಂದು ಶನಿವಾರ ಹೊರಟಳು. ಹೋಗುವಾಗ ಒಂದೇ ಮಾತು ಹೇಳಿದಳು. "ಚಿತ್ರ ಕೆಟ್ರ ಕೆಡ್ಲಿ, ಮುದುಕಿ ಹತ್ರ ಮಾತಾಡ್ರಿ."

ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದಾಗ ಮನೆ ಬಿಕೋ ಎನ್ನುತ್ತಿತ್ತು. ವರ್ಷವಿಡೀ ಭಾನುವಾರಕ್ಕೊಂದು ಕೆಲಸವಿತ್ತು, ಈಗ ಇಲ್ಲ. ನನ್ನ ಮೇಲೇ ನನಗೆ ಅಸಹ್ಯವಾಗಿ, ಇವತ್ತು ಒಂದಾದರೂ ಬಾಕಿ ಕೆಲಸ ಮುಗಿಸಬೇಕು ಅನಿಸಿತು. ಶೆಡ್ಡಿನ ತೂತು ನೆನಪಾಯಿತು. ಅವ್ವ ಹಿತ್ತಲಲ್ಲಿ ಸ್ನಾನಕ್ಕೆ ಹೋಗಿದ್ದಳು. ಏಣಿ ಹಾಕಿ ಹತ್ತಿ, ತೂತಿಗೆ ಎಂ-ಸೀಲ್ ಮೆತ್ತಿ, ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದೆ. ಇಳಿದು ಕೈ ತೊಳೆದು, ಹಾಸಿಗೆಯಲ್ಲಿ ಬಿದ್ದುಕೊಂಡೆ. ಎಷ್ಟೋ ದಿನದ ಮೇಲೆ ಒಂದು ಕೆಲಸ ಪೂರಾ ಮಾಡಿದ ಸಮಾಧಾನದಲ್ಲಿ ನಿದ್ದೆಯೂ ಬಂತು.

ಎಚ್ಚರವಾದದ್ದು ಬಸ್ಸಿನ ಹಾರ್ನಿಗೆ. ಎರಡು ಸಲ ಹೊಡೆಯಿತು. ಮತ್ತೆ ಎರಡು ಸಲ. ಆಮೇಲೆ ಯರ್ರಿಸ್ವಾಮಿಯ ದನಿ: "ಜೋಗಮ್ಮಾ! ಹೂವು ಎಲ್ಲಿ ಐತೆವ್ವಾ? ಅರಾಮ ಅದೀಯಿಲ್ಲೋ?"

ಓಡಿ ಹೊರಗೆ ಬಂದೆ. ಶೆಡ್ಡಿನಲ್ಲಿ ಅವ್ವ ಕೂತಿದ್ದಳು. ಮುಂದೆ ಕಾಕಡ ಮಲ್ಲಿಗೆಯ ಮೊಗ್ಗಿನ ರಾಶಿ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಬೆರಳಲ್ಲಿ ದಾರ ಸಿಕ್ಕಿಸಿಕೊಂಡೇ ಬಾಗಿಲ ಕಡೆ ನೋಡುತ್ತಿದ್ದಳು. ಬಸ್ಸಿನ ಜನ ಕಿಟಕಿಯಿಂದ ಇಣುಕುತ್ತಿದ್ದರು. ನಾನು ಕೈ ಅಲ್ಲಾಡಿಸಿ ಹೋಗಲು ಹೇಳಿದೆ. ಬಸ್ಸು ಹೂವಿಲ್ಲದೆ ಹೋಯಿತು.

"ಯಾಕವ್ವಾ? ಮೈಗೆ ಹುಷಾರಿಲ್ಲೇನು?" ವಾರದ ಮೇಲೆ ನಾನಾಡಿದ ಮೊದಲ ಮಾತು.

ಅವ್ವ ನನ್ನನ್ನು ನೋಡಲಿಲ್ಲ. ಮಾಡಿನ ಕಡೆ ನೋಡಿದಳು. "ಇವತ್ತು ಬೆಳಕು ಬರ್ಲಿಲ್ಲ," ಅಂದಳು. "ಹೊರಗ ನೋಡಿದ್ರ ಬಿಸಿಲು ಚಿಟಿಚಿಟಿ ಅಂತತಿ. ಒಳಗ ಬೆಳಕಿಲ್ಲ. ಇನ್ನೂ ಹೊತ್ತೈತಿ ಅಂತ ಸಾವಕಾಶ ಕಟ್ಟಾಕತ್ತಿದ್ದೆ."

"ಯಾವ ಬೆಳಕು?"

ಅವ್ವ ಕಾಲಿನಿಂದ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ, ಬಂಡೆಯ ಮೇಲಿನ ಬಿಳಿ ಚುಕ್ಕಿಗಳನ್ನು ತೋರಿಸಿದಳು. "ಇದರ ಮ್ಯಾಲೆ ಬೀಳ್ತತಲ್ಲ, ಅದು. ಈ ಚುಕ್ಕಿ ಮುಟ್ಟಿದ್ರ ಬಸ್ಸು ಬಂತು ಅಂತ. ಗೇಣು ದೂರ ಇದ್ರ ಇನ್ನೂ ನಾಕು ಮಾರು ಕಟ್ಟಬೋದು ಅಂತ."

ನಾನು ಸುಣ್ಣದ ಹೊಲಸು ಎಂದುಕೊಂಡಿದ್ದ ಚುಕ್ಕಿಗಳವು. ಬಗ್ಗಿ ನೋಡಿದೆ. ಒರೆಸಿದ್ದಲ್ಲ, ಒಂದೊಂದನ್ನೂ ಬೆರಳ ತುದಿಯಿಂದ ಒತ್ತಿ ಇಟ್ಟದ್ದು, ಅಳಿಸಿ ಹೋಗದಿರಲೆಂದು ಮೊಳೆಯಿಂದ ಚುಚ್ಚಿ ಗುಳಿ ಮಾಡಿದ್ದು. ಉಳಿದ ಬುಟ್ಟಿಗಳನ್ನು, ಗೋಣಿತಟ್ಟನ್ನು, ನೀರಿನ ಬಕೆಟನ್ನು ಒಂದೊಂದಾಗಿ ಸರಿಸಿದೆ. ಚುಕ್ಕಿಗಳು ಹೊಸ್ತಿಲ ಹತ್ತಿರ ಹುಟ್ಟಿ, ಬಾಗಿ, ನಡುವೆ ಒಂದನ್ನೊಂದು ದಾಟಿ, ಗೋಡೆಯ ಬುಡದವರೆಗೆ ಹೋಗಿದ್ದವು. ಹೊಸ್ತಿಲ ಕಡೆ ಸಣ್ಣ ಸುತ್ತು, ಗೋಡೆಯ ಕಡೆ ದೊಡ್ಡ ಸುತ್ತು. ಎರಡೂ ತುದಿ ಕೂಡಿಕೊಂಡಿದ್ದವು.

ನಾನು ನೆಲದ ಮೇಲೆ ಕೂತೆ. ವರ್ಷವಿಡೀ ಮಾಳಿಗೆಯ ಮೇಲೆ ಒದ್ದಾಡಿ ನಾನು ಮುಗಿಸಲಾಗದ ಎಂಟು, ನನ್ನ ಕಾಲಡಿಯಲ್ಲೇ ಮುಗಿದು ಬಿದ್ದಿತ್ತು. ಅದನ್ನು ಹೊಲಸು ಅಂದವನೂ ನಾನೇ.

"ಎಷ್ಟು ವರ್ಷದ್ದವ್ವಾ ಇದು?"

"ಶೆಡ್ಡು ಹಾಕಿ ಏಳು ವರ್ಷ ಆತಲ್ಲ, ಅವಾಗಿಂದ. ಮೊದ್ಲಿಗೆ ಒಂದೇ ಚುಕ್ಕಿ ಇಟ್ಟಿದ್ದೆ. ಹದಿನೈದು ದಿನಕ್ಕ ನೋಡಿದ್ರ ಬೆಳಕು ಅದನ್ನ ಬಿಟ್ಟು ಸರ್ದಿತ್ತು. ಅದಕ್ಕ ಅಮಾಸಿಗೊಂದು ಹುಣ್ಣಿವಿಗೊಂದು ಇಟಗೊಂತ ಬಂದೆ. ಬಸ್ಸು ಹಾರ್ನ್ ಹೊಡದ ಕೂಡಲೇ." ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬೆರಳಾಡಿಸಿದಳು. "ಹೂವಿನ ಗಂಟಿನಂಗ ಆಗೇತಿ ನೋಡು. ದಾರ ಸುತ್ತಿ ಮೊಗ್ಗು ಇಡೂ ಮುಂದ ಆಗತತಲ್ಲ, ಹಂಗ."

ಸಾಲಿನಿಂದ ಆಚೆ ಕೆಲವು ಚುಕ್ಕಿಗಳಿದ್ದವು. ಅವೇಕೆ ಅಲ್ಲಿವೆ ಎಂದು ಕೇಳಿದೆ.

"ಅವತ್ತು ಬಸ್ಸು ಲೇಟು. ಇದು ಹರಪನಹಳ್ಳಿ ಡ್ರೈವರ್ ಹೊಸದಾಗಿ ಬಂದಾಗಿಂದು, ಭಾಳ ನಿಧಾನ ಇದ್ದ."

"ಮತ್ತ ಅಳಿಸಿಲ್ಲ ಯಾಕ?"

"ಯಾಕ ಅಳಿಸ್ಬೇಕು? ಅವತ್ತೂ ಬಸ್ಸು ಬಂದಿತ್ತಲ್ಲ."

ನಾನು ಮಾಡಿನ ಕಡೆ ಕೈ ತೋರಿಸಿದೆ. "ಅವ್ವಾ, ತೂತು ನಾನು ಮುಚ್ಚೀನಿ. ಮುಂಜಾನೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಬೆರಳಿನ ದಾರ ಬಿಚ್ಚಿದಳು. "ಮಳಿ ಸೋರ್ತತಿ ಅಂತ ಮುಚ್ಚೀಯ," ಅಂದಳು. "ಒಳ್ಳೇದಕ್ಕ ಮಾಡೀಯ. ನಾನೂ ಒಳ್ಳೇದಕ್ಕ ಮಾಡಿದ್ದೆ."

ಅಷ್ಟೇ ಹೇಳಿದ್ದು. ನನಗೆ ಅಳು ಬಂತು. ಐವತ್ತರ ಹತ್ತಿರದ ಗಂಡಸು ಹೂವಿನ ಬುಟ್ಟಿಗಳ ನಡುವೆ ಕೂತು ಅತ್ತೆ. "ಹೊತ್ತು ನನ್ನ ಕೇಳಬಾರದಿತ್ತೇನವ್ವಾ? ಒಳಗ ಮಲಗಿದ್ನಲ್ಲ," ಅಂದೆ.

"ಏನೂ ಕೇಳಬ್ಯಾಡ ಅಂದಿದ್ದೆಲ್ಲೋ," ಅಂದಳು.

ಆ ಹೂವನ್ನು ಓಣಿಯಲ್ಲಿ ಹಂಚಿದೆವು. ಪಕ್ಕದ ಮನೆಯ ಪಕ್ಕೀರಮ್ಮ, "ಇದೇನು ಜೋಗಮ್ಮ, ಬಸ್ಸು ತಪ್ಪಿತಂತಲ್ಲ?" ಎಂದು ನಂಬದವಳ ಹಾಗೆ ಎರಡು ಸಲ ಕೇಳಿದಳು. ನನ್ನ ಅವ್ವ ನನ್ನ ಕಡೆ ನೋಡದೆ, "ಕಣ್ಣಿಗೆ ಜೊಂಪು ಹತ್ತಿತ್ತವ್ವಾ," ಅಂದಳು.

ನಾನು ಅವತ್ತೇ ಏಣಿ ಹತ್ತಿದೆ. ಎಂ-ಸೀಲ್ ಕಲ್ಲಾಗಿತ್ತು. ರಕ್ತ ತೆಗೆಯುವ ಸೂಜಿ ತಂದು, ಎಳ್ಳುಕಾಳಷ್ಟು ಎಳ್ಳುಕಾಳಷ್ಟೇ ಕೆದಕಿದೆ. ತೂತಿನ ಅಂಚಿಗೆ ತಾಗದಂತೆ, ಒಂದು ನೂಲಿನಷ್ಟೂ ಅಗಲವಾಗದಂತೆ. ಸಂಜೆಯಾಯಿತು. ಕೊನೆಯ ಚೂರು ಉದುರಿದಾಗ ಸೂರ್ಯ ಮುಳುಗಿದ್ದ. ತೂತು ಮೊದಲಿನಂತೆಯೇ ಇದೆಯೋ, ನನ್ನ ಕೈಯಿಂದ ಸರಿದಿದೆಯೋ ನೋಡಲು ಬೆಳಕಿಲ್ಲ.

ಮರುದಿನ ಎದ್ದರೆ ಮೋಡ. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿತವಂತೆ, ಮೂರು ದಿನ ಸೂರ್ಯ ಮುಖ ತೋರಿಸಲಿಲ್ಲ. ಮೋಡದ ದಿನ ಅವ್ವ ಪಕ್ಕೀರಮ್ಮನನ್ನು ಹೊತ್ತು ಕೇಳುವ ರೂಢಿ. ಈ ಸಲ ಲ್ಯಾಬಿನಿಂದ ನಾನೇ ಅರ್ಧ ಗಂಟೆಗೊಮ್ಮೆ ಕೋಮಲಾಗೆ ಫೋನ್ ಮಾಡಿ, "ಅವ್ವಗ ಹೊತ್ತು ಹೇಳು," ಎನ್ನುತ್ತಿದ್ದೆ. ಅವಳು ತವರಿನಿಂದ ಬಂದಿದ್ದಳು. ನಡೆದದ್ದನ್ನು ಕೇಳಿ ಶೆಡ್ಡಿಗೆ ಹೋಗಿ, ಬಂಡೆಯ ಮುಂದೆ ಕೂತು, ಚುಕ್ಕಿಗಳನ್ನು ಬೆರಳಿಂದ ಮುಟ್ಟಿ ನೋಡಿ ಎದ್ದು ಬಂದಿದ್ದಳು. ಏಳು ವರ್ಷದ ಕೆಲಸವನ್ನು ನಾನು ಒಂದು ಬೆಳಿಗ್ಗೆಯಲ್ಲಿ ಕೆಡಿಸಿದೆನೇನೋ ಎಂಬ ಹೆದರಿಕೆಗೆ ನನಗೆ ಊಟ ರುಚಿಸುತ್ತಿರಲಿಲ್ಲ.

ಗುರುವಾರ ಹೊಸ್ತಿಲ ಹುಣ್ಣಿಮೆ. ಬೆಳಿಗ್ಗೆ ಮೋಡ ಹರಿದು ಬಿಸಿಲು ಬಿತ್ತು. ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಅವ್ವ ಹೂವು ಕಟ್ಟಿ ಮುಗಿಸುತ್ತಿದ್ದಳು. ನೆಲದ ಮೇಲೆ ರೂಪಾಯಿಯಗಲದ ಬೆಳಕು ಬಿದ್ದಿತ್ತು. ಗುಂಡಗಿತ್ತು. ಆ ಗುಂಡು ತೂತಿನ ಆಕಾರವಲ್ಲ, ಸೂರ್ಯನದೇ ಆಕಾರ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಮನೆಯಲ್ಲಿ ನೋಡಿರಲಿಲ್ಲ. ಅವ್ವ ಹಿಂದಿನ ವರ್ಷಗಳಲ್ಲಿ ಇದೇ ಹುಣ್ಣಿಮೆಯ ಆಸುಪಾಸಿಗೆ ಇಟ್ಟ ಚುಕ್ಕಿಗಳನ್ನು ತೋರಿಸಿದಳು. ಗೋಡೆಯ ಹತ್ತಿರ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಬೆಳಕು ಅವುಗಳ ಕಡೆ ತೆವಳುತ್ತಿತ್ತು.

ನಾನು ಫೋನ್ ಹಿಡಿದು ಮೊಣಕಾಲೂರಿ ಕೂತೆ. ಹನ್ನೆರಡು ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಹನ್ನೆರಡೂವರೆ. ಬೆಳಕು ಚುಕ್ಕಿಗಳಿಂದ ಮೂರು ಬೆರಳು ದೂರದಲ್ಲಿತ್ತು.

"ಅವ್ವಾ, ತಪ್ಪಿತು," ಅಂದೆ. "ಹನ್ನೆರಡೂವರಿ ಆತು. ಮೂರು ಬೆರಳು ಫರಕು ಐತಿ. ಕೆಡಿಸಿಬಿಟ್ಟೆ."

"ಬಸ್ಸು ಬಂತೇನು?"

"ಇಲ್ಲ."

"ಮತ್ತ ಸುಮ್ಕ ಕುಂದ್ರು."

ಕೂತೆ. ಅವ್ವ ಕೊನೆಯ ಗಂಟು ಹಾಕಿ ದಾರ ಕಡಿದಳು, ಮಾಲೆಯನ್ನು ಒದ್ದೆ ಬಟ್ಟೆಗೆ ಸುತ್ತಿ ಬುಟ್ಟಿಯಲ್ಲಿಟ್ಟಳು. ಬುಟ್ಟಿಯನ್ನು ಬಾಗಿಲಿಗೆ ತಳ್ಳಿ ಬಂದು ನನ್ನ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರತೊಡಗಿದಳು. ಬೆಳಕು ಎರಡು ಬೆರಳು ದೂರವಿತ್ತು, ಆಮೇಲೆ ಒಂದು ಬೆರಳು. ನಾನು ಫೋನ್ ನೋಡುವುದನ್ನು ಬಿಟ್ಟಿದ್ದೆ. ಬೆಳಕು ಚುಕ್ಕಿಗಳ ಮೇಲೆ ಹತ್ತಿ ಕೂತಿತು, ಅದೇ ಹೊತ್ತಿಗೆ ರಸ್ತೆಯಲ್ಲಿ ದಾವಣಗೆರೆ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಸ್ಟ್ಯಾಂಡ್ ಬಿಡುವುದು ಹನ್ನೆರಡೂವರೆಗೆ. ನಮ್ಮ ಮನೆ ಮುಂದೆ ಬರಲು ನಾಲ್ಕು ನಿಮಿಷ ಬೇಕು. ವರ್ಷವಿಡೀ ಭಾನುವಾರ ಭಾನುವಾರ ಮೆಟ್ಟಿಲಿಳಿಯುತ್ತಾ ಅದೇ ಹಾರ್ನ್ ಕೇಳಿದ್ದ ನಾನೇ ಅದನ್ನು ಮರೆತಿದ್ದೆ.

ಹೊರಗೆ ಯರ್ರಿಸ್ವಾಮಿ ಬುಟ್ಟಿ ಎತ್ತಿಕೊಂಡ ಸದ್ದಾಯಿತು. ಅವ್ವ ಸುಣ್ಣದ ಬೆರಳನ್ನು ನೆಲಕ್ಕೆ ಒಯ್ದವಳು ತಡೆದಳು. ಸುಣ್ಣದ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು.

"ಇವತ್ತಿಂದು ನೀ ಇಡು," ಅಂದಳು. "ಲಗೂನ ಇಡು, ಸರೀತತಿ."

ಇಟ್ಟೆ. ಅವಸರಕ್ಕೆ ಚುಕ್ಕಿ ಸಾಲಿನಿಂದ ಚೂರು ಆಚೆ ಬಿತ್ತು. ಒರೆಸಲು ಹೋದೆ, ಅವ್ವ ಕೈ ಹಿಡಿದಳು.

ಒಂಬತ್ತು ಸೂರ್ಯರನ್ನು ಕಂಪ್ಯೂಟರಿನಲ್ಲಿ ಎಳೆದು ಸಾಲಿಗೆ ಸೇರಿಸಬಹುದಿತ್ತು, ಕಷ್ಟವೇನಿಲ್ಲ. ಸೇರಿಸಲಿಲ್ಲ. ಅವರು ನಿಂತಲ್ಲೇ ಬಿಟ್ಟು ಚಿತ್ರ ಮಾಡಿಸಿ ಶೆಡ್ಡಿನ ಗೋಡೆಗೆ ಹಾಕಿದೆ. ಹೂವು ಕೊಳ್ಳಲು ಬಂದವರು ಆ ಒಂಬತ್ತು ಯಾಕೆ ಹೊರಗಿವೆ ಎಂದು ಕೇಳುತ್ತಾರೆ. ಕೋಮಲಾ ಅವರಿಗೆ ಈಗ ಸರಳು ತೋರಿಸುವುದಿಲ್ಲ. "ಅವು ಆಯುಧಪೂಜಿ ಆದ ಮ್ಯಾಲಿನವು," ಎನ್ನುತ್ತಾಳೆ.